ನಡುವಿನ ನಾನೂರು ವರ್ಷ

ಹಬ್ಬಗಳೆಲ್ಲ ಮುಗಿದು ಜೆರುಸಲೇಮ್ ಮತ್ತೆ ಕೆಲಸಕ್ಕೆ ಮರಳಿದ ವಾರ. ಕತಮೋನ್ ಬಡಾವಣೆಯ ಸಮುದಾಯ ಕೇಂದ್ರದ ಗ್ರಂಥಾಲಯಕ್ಕೆ ಬಂದ ಗ್ರಂಥಪಾಲಕಿ ಹಮುಟಲ್ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಬಾಗಿಲು ಅದಾಗಲೇ ತೆರೆದಿತ್ತು. ನೆಲದ ಮೇಲೆ ಅಪರಿಚಿತನೊಬ್ಬ ಕಾಲು ಚಾಚಿ ಕೂತಿದ್ದ. ಅವಳ ಇತಿಹಾಸದ ಕಪಾಟು ಬರಿದಾಗಿತ್ತು. ಅವನು ಒಂದು ಪುಸ್ತಕ ಎತ್ತಿಕೊಂಡ, ನಾಲ್ಕು ಪುಟ ತಿರುವಿದ, "ಇದು ಬೇಡ" ಎಂದು ತನಗೆ ತಾನೇ ಹೇಳಿಕೊಂಡು ಪಕ್ಕದ ರಟ್ಟಿನ ಡಬ್ಬಕ್ಕೆ ಹಾಕಿದ.

"ಯಾರ್ರೀ ನೀವು? ನನ್ನ ಪುಸ್ತಕ ಯಾಕೆ ಡಬ್ಬಕ್ಕೆ ತುಂಬ್ತಿದೀರ?"

ಅವನು ತಲೆಯೆತ್ತಿದ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಹುಬ್ಬಿನ ಮೇಲೆಲ್ಲ ಧೂಳು. "ನಿಮ್ಮದಾ? ಹಾಗಾದ್ರೆ ಒಂದು ಮಾತು ಹೇಳ್ಲಾ? ಇದರಲ್ಲಿ ಅರ್ಧ ಎಸೆಯೋ ಹಾಗಿದೆ."

"ಹಳೇ ಪೇಪರ್‌ನವರಾ?"

"ಅಲ್ಲ, ಹಳೇ ಕಾಲದವನು." ಅವನು ಎದ್ದು ಪ್ಯಾಂಟ್ ಕೊಡವಿಕೊಂಡ. "ನನ್ನ ಹೆಸರು ಅವ್ನೇರ್. ಹೈಫಾದಲ್ಲಿ ಕಾಲೇಜು ಮೇಷ್ಟ್ರು. ಚಳಿಗಾಲದ ಪಾಠಕ್ಕೆ ಪುಸ್ತಕ ಆರಿಸೋಕೆ ನಿಮ್ಮ ನಿರ್ದೇಶಕಿ ಕರೆಸಿದಾರೆ. ನಿಮಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಪಾಠದ ವಿಷಯವೇನೋ ಅವಳಿಗೆ ಗೊತ್ತಿತ್ತು. ಅದಕ್ಕೆ ಕಾರಣ ಮೇಲಿನ ಬೀದಿಯ ಫ್ರೆಹಾ ಅಜ್ಜಿ. ಎಂಬತ್ತು ದಾಟಿದ ಆ ಹೆಂಗಸು ಬೇಸಿಗೆಯಲ್ಲಿ ನಿರ್ದೇಶಕಿಯ ಮೇಜಿನ ಮುಂದೆ ಕೂತು ಕೇಳಿದ್ದಳು: "ನಮ್ಮವರು ಬಾಬಿಲೋನಿನ ಸೆರೆಯಿಂದ ವಾಪಸ್ ಬಂದ್ರು, ಗುಡಿ ಕಟ್ಟಿದ್ರು, ಗೋಡೆ ಕಟ್ಟಿದ್ರು. ಅಲ್ಲಿಗೆ ನಮ್ಮ ಗ್ರಂಥ ಮುಚ್ಚಿಹೋಗುತ್ತೆ. ಆಮೇಲೆ ನೋಡಿದ್ರೆ ಗೋಡೆ ಮೇಲೆ ರೋಮಿನವರು ನಿಂತಿರ್ತಾರೆ. ನಡುವೆ ಏನಾಯ್ತು? ಸಾಯೋಕ್ ಮುಂಚೆ ನಂಗೆ ಗೊತ್ತಾಗ್ಬೇಕು."

ಕ್ರೈಸ್ತರು ಅದನ್ನು ಬೈಬಲ್ಲಿನ ಎರಡು ಒಡಂಬಡಿಕೆಗಳ ನಡುವಿನ ಕಾಲ ಎನ್ನುತ್ತಾರೆ. ಆ ನಾನೂರು ವರ್ಷಗಳಲ್ಲಿ ಪರ್ಷಿಯನ್ನರು ಹೋಗಿ ಗ್ರೀಕರು ಬಂದರು, ಗ್ರೀಕರನ್ನು ಓಡಿಸಿ ಯೆಹೂದ್ಯರೇ ರಾಜರಾದರು, ಆ ರಾಜರು ತಮ್ಮೊಳಗೇ ಕಚ್ಚಾಡಿ ರೋಮನ್ನರಿಗೆ ಬಾಗಿಲು ತೆಗೆದರು. ಶಾಲೆಯಲ್ಲಿ ಇದೆಲ್ಲ ಒಂದೇ ಪಾಠದಲ್ಲಿ ಮುಗಿದುಹೋಗುತ್ತಿತ್ತು.

"ಸರಿ, ಆರಿಸಿ" ಎಂದಳು ಹಮುಟಲ್, ತೋಳು ಕಟ್ಟಿಕೊಂಡು. "ಆದ್ರೆ ಡಬ್ಬದಲ್ಲಿರೋದನ್ನ ಒಂದೊಂದೇ ಹೊರಗೆ ತೆಗೀರಿ. ಯಾವುದು ಯಾಕೆ ಬೇಡ ಅಂತ ನಂಗೆ ಹೇಳಿ. ನಾನು ಒಪ್ಪಿದ್ರೆ ಮಾತ್ರ ಹೋಗುತ್ತೆ."

ಅವ್ನೇರ್ ಅವಳನ್ನೊಮ್ಮೆ ನೋಡಿದ. ಅವಳ ಗುಂಗುರು ಕೂದಲಿಗೆ ಪೆನ್ಸಿಲ್ ಸಿಕ್ಕಿಸಿತ್ತು. ಅದನ್ನು ಅವಳು ಮರೆತಿರಬೇಕು ಎಂದುಕೊಂಡ. ಡಬ್ಬ ಕವುಚಿದ.

ಅಂದಿನಿಂದ ಮಂಗಳವಾರಗಳು ಅವರವಾದವು.

ಕಿಟಕಿ ಪಕ್ಕದ ಉದ್ದ ಮೇಜು, ಪುದೀನ ಹಾಕಿದ ಚಹಾ, ನಡುವೆ ಪುಸ್ತಕಗಳ ಗುಡ್ಡೆ. ಒಂದೊಂದನ್ನು ಎತ್ತಿಕೊಂಡಾಗಲೂ ಅವ್ನೇರ್ ಕೇಳುತ್ತಿದ್ದ: "ಯಾರು ಬರೆದದ್ದು? ಯಾರನ್ನ ಮೆಚ್ಚಿಸೋಕೆ? ಯಾರ ಅನ್ನ ತಿಂದು?" ಹಮುಟಲ್ ತನ್ನದೊಂದು ಸೇರಿಸುತ್ತಿದ್ದಳು: "ಫ್ರೆಹಾ ಅಜ್ಜಿಗೆ ಅರ್ಥ ಆಗುತ್ತಾ?"

ಬಂಗಾರದ ಅಕ್ಷರ, ಹೊಳೆಯುವ ಚಿತ್ರಗಳಿದ್ದ ದಪ್ಪನೆಯ ಪುಸ್ತಕವೊಂದಕ್ಕೆ ದೊಡ್ಡ ಜಗಳವೇ ಆಯಿತು.

"ಇವನು ಎಲ್ಲಾನೂ ಕಣ್ಣಾರೆ ಕಂಡವನ ಹಾಗೆ ಬರೀತಾನೆ" ಎಂದ ಅವ್ನೇರ್. "ಇದು ಹೇಗೆ ಗೊತ್ತಾಯ್ತು ಅಂತ ಒಂದು ಕಡೇನೂ ಹೇಳಲ್ಲ."

"ನೀವೂ ಹಾಗೇ ಮಾತಾಡ್ತೀರಲ್ಲ."

ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಹಮುಟಲ್ ಕಣ್ಣು ಕೆಳಗಿಳಿಸಿ, ಆ ಪುಸ್ತಕದ ಬೆಲೆ ಚೀಟಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಓದಿದಳು.

ಚಹಾದ ನೆಪದಲ್ಲಿ ಬಂದು ಕೂತಿದ್ದ ಫ್ರೆಹಾ ಅಜ್ಜಿ ಪುಸ್ತಕ ಎಳೆದುಕೊಂಡಳು. "ಮದುವೆ ಆಲ್ಬಮ್ ಇದ್ದ ಹಾಗಿದೆ. ಆಲ್ಬಮ್‌ನಲ್ಲಿ ಎಲ್ಲರೂ ನಗ್ತಿರ್ತಾರೆ. ಸಂಸಾರ ಹೇಗಿತ್ತು ಅಂತ ಅದ್ರಲ್ಲಿ ಗೊತ್ತಾಗುತ್ತಾ? ನಂಗೆ ಬೇಡಪ್ಪ."

ಇನ್ನೊಂದು ದಿನ ಜಗಳ ತಿರುಗುಮುರುಗಾಯಿತು. ಯುದ್ಧದಲ್ಲಿ ಸೋತು, ರೋಮನ್ನರ ಕಡೆ ಸೇರಿ, ಅವರ ರಾಜಧಾನಿಯಲ್ಲೇ ಕೂತು ನಮ್ಮವರ ಇತಿಹಾಸ ಬರೆದ ಸೇನಾಪತಿಯ ಪುಸ್ತಕವನ್ನು ಅವ್ನೇರ್ ಬೇಕೇಬೇಕು ಎಂದ. ಹಮುಟಲ್ ಮುಟ್ಟಲೂ ಒಲ್ಲೆ ಎಂದಳು.

"ದ್ರೋಹಿ ಅವನು."

"ದ್ರೋಹೀನೇ. ಆದ್ರೆ ಅವನನ್ನ ಬಿಟ್ರೆ ಅರ್ಧಕ್ಕರ್ಧ ಕತ್ತಲೆ. ಓದೋಣ. ನಂಬ್ಲೇಬೇಕು ಅಂತೇನಿಲ್ಲ. ಪಕ್ಕದಲ್ಲಿ ಇನ್ನೊಬ್ಬರ ಸಾಕ್ಷಿ ಇಟ್ಕೊಂಡು ಓದೋಣ."

"ಗಂಡಸರ ಮಾತು ಕೇಳೋ ಹಾಗೆ."

"ಹಾಗೇ ಅಂತಿಟ್ಕೊಳ್ಳಿ. ಆದ್ರೆ ಕೇಳ್ತೀರಿ ತಾನೇ?"

ಅವಳು ಆ ಪುಸ್ತಕವನ್ನು ಆರಿಸಿದವುಗಳ ಸಾಲಿಗೆ ಸರಿಸಿದಳು. ಸರಿಸುವಾಗ ಬೆರಳಿಗೆ ಬೆರಳು ತಾಕಿತು. ಇಬ್ಬರೂ ಏನೂ ಆಗದವರ ಹಾಗೆ ಕೂತರು. ಆಮೇಲೆ ತುಂಬ ಹೊತ್ತು ಯಾವ ಪುಸ್ತಕದ ಬಗ್ಗೆಯೂ ಜಗಳವಾಗಲಿಲ್ಲ.

ಸಾಲು ಬೆಳೆಯಿತು. ಗ್ರೀಕರನ್ನು ಗೆದ್ದ ಮನೆತನದ ಹೊಗಳಿಕೆ, ಮರುಭೂಮಿಗೆ ಹೋಗಿ ಗುಹೆಗಳಲ್ಲಿ ಸುರುಳಿ ಬಚ್ಚಿಟ್ಟವರ ಸಿಟ್ಟು, ಒಳ್ಳೆಯದೊಂದು ನಕ್ಷೆ, ಆ ಕಾಲದ ನಾಣ್ಯಗಳ ಅಚ್ಚು. ಹಮುಟಲ್ ಒಂದು ಮಧ್ಯಾಹ್ನ ಗಲ್ಲಕ್ಕೆ ಕೈಕೊಟ್ಟು ಅದನ್ನೆಲ್ಲ ನೋಡುತ್ತ ಕೂತಿದ್ದಳು.

"ಬರೀ ಕತ್ತಿ, ಕಿರೀಟ, ಪೂಜಾರಿಗಳು" ಎಂದಳು. "ನಾನೂರು ವರ್ಷ ಯಾರೂ ಮದುವೆ ಆಗ್ಲಿಲ್ವಾ? ಯಾರ ಮನೇಲೂ ಒಲೆ ಉರೀಲಿಲ್ವಾ?"

ಅವ್ನೇರ್ ಆ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡ.

ಮುಂದಿನ ಮಂಗಳವಾರ ಅವನು ಪುಸ್ತಕ ತರಲಿಲ್ಲ. ಕೈಬರಹದ ಎರಡು ಹಾಳೆ ತಂದಿದ್ದ. ಅವಳ ಮುಂದಿಟ್ಟು, ತಾನು ಗೋಡೆಯ ನಕ್ಷೆಯ ಹತ್ತಿರ ಹೋಗಿ ನಿಂತ.

"ಈಜಿಪ್ಟಿನಲ್ಲಿ, ನೈಲ್ ನದಿ ನಡುಗಡ್ಡೇಲಿ, ಪರ್ಷಿಯದ ರಾಜನಿಗೆ ಗಡಿ ಕಾಯ್ತಿದ್ದ ನಮ್ಮ ಸಿಪಾಯಿಗಳ ಊರೊಂದಿತ್ತು" ಎಂದ, ಬೆನ್ನು ತಿರುಗಿಸಿಯೇ. "ಇಲ್ಲಿ ನೆಹೆಮೀಯ ಜೆರುಸಲೇಮಿನ ಗೋಡೆ ಕಟ್ಟಿಸ್ತಿದ್ದ ಕಾಲ. ಅಲ್ಲಿ ನಡೆದ ಒಂದು ಮದುವೆ ಒಪ್ಪಂದ ಇದು. ಅರಾಮಿಕ್‌ನಲ್ಲಿತ್ತು. ಆಡುಮಾತಿಗೆ ತಂದಿದೀನಿ. ಅಜ್ಜಿಗೆ ಅರ್ಥ ಆಗ್ಲಿ ಅಂತ."

ಹಮುಟಲ್ ಓದಿದಳು. ಮದುಮಗಳು ತಂದದ್ದರ ವಿವರ: ಉಣ್ಣೆಯ ಬಟ್ಟೆ, ಕಂಚಿನ ಕನ್ನಡಿ, ಬಟ್ಟಲುಗಳು, ಜೊಂಡಿನ ಮಂಚ. ಓದುತ್ತ ಅವಳ ತುಟಿಯ ಮೇಲೆ ನಗು ಮೂಡಿತು. ಎರಡನೆಯ ಹಾಳೆಗೆ ಬಂದಾಗ ಆ ನಗು ನಿಂತಿತು. ಗಂಡ ಬೇಡವೆನಿಸಿದರೆ ಹೆಂಡತಿ ಸಭೆಯಲ್ಲಿ ಎದ್ದು ನಿಂತು ಹಾಗೆಂದು ಹೇಳಬಹುದು. ಗೊತ್ತುಪಡಿಸಿದಷ್ಟು ಬೆಳ್ಳಿ ತೂಗಿಕೊಟ್ಟು, ತಾನು ತಂದದ್ದನ್ನೆಲ್ಲ ತೆಗೆದುಕೊಂಡು, ತನಗೆ ಇಷ್ಟ ಬಂದ ಕಡೆ ಹೋಗಬಹುದು.

ಅವಳು ಹಾಳೆಗಳನ್ನು ಮೇಜಿನ ಮೇಲಿಟ್ಟು ಎದ್ದು ಹೊರಗಿನ ಮೊಗಸಾಲೆಗೆ ಹೋದಳು.

ಅವ್ನೇರ್ ಸ್ವಲ್ಪ ಹೊತ್ತು ಕಾದು ಹಿಂದೆ ಬಂದ. "ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲ." ಅವಳು ಕೆಳಗಿನ ಬೀದಿಯನ್ನೇ ನೋಡುತ್ತಿದ್ದಳು. "ನಂಗೆ ಮದುವೆ ಆಗಿತ್ತು. ಗೊತ್ತಾ? ಒಂದು ವರ್ಷ ಜೊತೆಗಿದ್ವಿ. ಆಮೇಲೆ ವಿಚ್ಛೇದನದ ಬಿಡುಗಡೆ ಪತ್ರ ಕೊಡೋಕೆ ಅವನು ವರ್ಷಗಟ್ಟಲೆ ಒಪ್ಲಿಲ್ಲ. ಅವನ ಕೈಯಾರೆ ಕೊಡ್ದೆ ನಮ್ಮಲ್ಲಿ ಬಿಡುಗಡೆ ಇಲ್ಲವಲ್ಲ. ಧರ್ಮದ ನ್ಯಾಯಪೀಠದ ಹೊರಗಿನ ಬೆಂಚಿನ ಮೇಲೆ ನಾನು, ಅಪ್ಪ ಕೂತ್ಕೊಳ್ತಿದ್ವಿ. ಅವನು ಕೆಲವು ಸಲ ಬರ್ತಾನೇ ಇರ್ಲಿಲ್ಲ. ಬಂದ್ರೆ 'ಇವತ್ತು ಮನಸ್ಸಿಲ್ಲ' ಅಂತ ಹೋಗ್ತಿದ್ದ. ಕೊನೆಗೊಂದು ದಿನ ಕೊಟ್ಟ. ಎಲ್ಲಾ ಕಾಲದಲ್ಲೂ ಹೀಗೇ ಇತ್ತು ಅಂತ ನಾನು ನಂಬಿದ್ದೆ."

ಅವ್ನೇರ್ ಬಂದು ಪಕ್ಕದಲ್ಲಿ ಕಂಬಿಗೆ ಒರಗಿ ನಿಂತ. ಬೀದಿಯಲ್ಲಿ ಯಾರೋ ಕಾರಿನ ಹಾರ್ನ್ ಒತ್ತಿಯೇ ಒತ್ತಿದರು. ಅವಳು ಕಣ್ಣೊರೆಸಿಕೊಂಡಳು.

"ಇದು ಪಾಠದಲ್ಲಿ ಇರ್ಬೇಕು" ಎಂದಳು.

"ಇರುತ್ತೆ."

ಆದರೆ ಕೇಂದ್ರದ ಸಮಿತಿ ಒಪ್ಪಬೇಕಿತ್ತು. ಆ ಸಮಿತಿಯಲ್ಲಿ ಎಲ್ಲರೂ ನೋಡುವುದು ಒಬ್ಬರ ಮುಖವನ್ನೇ. ಅವರು ಬಡಾವಣೆಯ ಪ್ರಾರ್ಥನಾ ಮಂದಿರದ ಹಿರಿಯ ಶಾಲ್ತಿಯೇಲ್, ಹಮುಟಲ್‌ಳ ತಂದೆ.

ಪುಸ್ತಕಗಳ ಸಾಲನ್ನು ನೋಡಿ ಬಂದ ಅವರು ಆ ಸಂಜೆ ಊಟದ ಮೇಜಿನಲ್ಲಿ ಚಮಚ ಕೆಳಗಿಟ್ಟರು. "ಹೊರಗಿನ ಪುಸ್ತಕಗಳು ಅವು. ನಮ್ಮ ಹಿರಿಯರು ಗ್ರಂಥಕ್ಕೆ ಸೇರಿಸ್ಲಿಲ್ಲ ಅಂದ್ರೆ ಕಾರಣ ಇರುತ್ತೆ. ಹುಡುಗರು ಓದೋಕೆ ಬರೋ ಕೋಣೇಲಿ ಅವನ್ನ ಇಡೋಕೆ ನಾನು ಬಿಡಲ್ಲ."

"ಅಪ್ಪ, ದೀಪದ ಹಬ್ಬಕ್ಕೆ ಎಂಟು ದಿನ ದೀಪ ಹಚ್ತೀವಿ. ಗ್ರೀಕರನ್ನ ಓಡಿಸಿದ ಆ ಯುದ್ಧದ ಕಥೆ ಇರೋದು ಆ ಹೊರಗಿನ ಪುಸ್ತಕದಲ್ಲೇ. ನಾವು ದೀಪ ಇಟ್ಕೊಂಡ್ವಿ, ಕಥೆ ಕಾಪಾಡಿದ್ದು ಬೇರೆಯವರು."

"ಈ ಮಾತು ನಿಂದಾ, ಆ ಹೈಫಾದವನದಾ?"

ಹಮುಟಲ್ ಕೆಂಪಾದಳು. ಮಾತು ಅವ್ನೇರನದೇ ಆಗಿತ್ತು.

"ಅವನು ನಿನ್ನನ್ನ ಬಾಗಿಲವರೆಗೂ ಬಿಟ್ಟು ಹೋಗೋದನ್ನ ನೋಡಿದೀನಿ" ಎಂದರು ಶಾಲ್ತಿಯೇಲ್. "ಒಂದು ಸಲ ನೀನು ಕಷ್ಟಪಟ್ಟದ್ದು ಸಾಲದಾ?"

ಆ ಕೊನೆಯ ಮಾತಿನಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಅದಕ್ಕೇ ಅವಳು ಎದುರಾಡಲಿಲ್ಲ.

ಸಮಿತಿ ಸೇರುವ ದಿನ ಅವ್ನೇರ್ ಬೇಗನೆ ಬಂದ. ಅವನ ಮುಖ ಸಪ್ಪಗಿತ್ತು. "ಒಂದು ದಾರಿ ಇದೆ" ಎಂದ. "ತಕರಾರಿರೋ ಪುಸ್ತಕಗಳನ್ನ ಈ ವರ್ಷ ಬಿಡೋಣ. ಮದುವೆ ಒಪ್ಪಂದಾನೂ. ನಕ್ಷೆ, ನಾಣ್ಯ, ಶಾಲೆ ಪುಸ್ತಕ ಇಟ್ಕೊಂಡು ಪಾಠ ಶುರು ಮಾಡೋಣ. ಆಮೇಲೆ ನಿಧಾನಕ್ಕೆ..."

ಹಮುಟಲ್ ಅವನನ್ನು ದಿಟ್ಟಿಸಿದಳು. "ಅದನ್ನ ಪಾಠಕ್ಕೆ ಸೇರಿಸ್ತೀನಿ ಅಂದಿದ್ರಿ."

"ಪಾಠಾನೇ ನಿಂತುಹೋದ್ರೆ ಏನು ಮಾಡೋದು?"

"ನಿಂತ್ರೆ ನಿಲ್ಲಲಿ. ನಿಧಾನಕ್ಕೆ, ಸ್ವಲ್ಪ ತಾಳ್ಮೆ, ಈ ವರ್ಷ ಬೇಡ. ಆ ಬೆಂಚಿನ ಮೇಲೆ ಕೂತಾಗ ನಂಗೆ ದಿನಾ ಇದನ್ನೇ ಹೇಳ್ತಿದ್ರು. ನೀವೂ ಅದನ್ನೇ ಹೇಳ್ತೀರಿ ಅಂತ ಅಂದ್ಕೊಂಡಿರ್ಲಿಲ್ಲ."

ಅವಳು ಹಾಳೆಗಳನ್ನು ಎತ್ತಿಕೊಂಡು ಒಳಗೆ ನಡೆದಳು.

ಸಭೆಯಲ್ಲಿ ನಿರ್ದೇಶಕಿ ಮೊದಲು ಅವ್ನೇರನಿಗೆ ಮಾತಾಡಲು ಹೇಳಿದಳು. ಅವನು ಎದ್ದ. ಹಮುಟಲ್ ಅವನ ಕಡೆ ನೋಡಲಿಲ್ಲ.

"ನಾನು ಕೂಡ ಈಗಷ್ಟೇ ಹೆದರಿದ್ದೆ" ಎಂದ ಅವ್ನೇರ್. "ಹೊರಗೆ ನಿಂತು ಯೋಚನೆ ಮಾಡ್ದೆ. ಒಂದೇ ಕಡೆಯವರ ಮಾತು ಇಟ್ಕೊಂಡು ನಾನು ಇತಿಹಾಸ ಹೇಳ್ಕೊಡಲ್ಲ. ಕೊಡೋದಾದ್ರೆ ಇವೆಲ್ಲಾ ಇರ್ಬೇಕು. ಇಲ್ದಿದ್ರೆ ಬೇರೆ ಮೇಷ್ಟ್ರನ್ನ ನೋಡ್ಕೊಳ್ಳಿ. ಉಳಿದದ್ದನ್ನ ಹಮುಟಲ್ ಹೇಳ್ಲಿ. ಸರಿಯಾದ ಪ್ರಶ್ನೆ ಕೇಳಿದ್ದು ಅವರು."

ಅವಳು ಈಗ ಅವನತ್ತ ನೋಡಿದಳು. ಆಮೇಲೆ ಎದ್ದು ನಿಂತು ಎರಡೂ ಹಾಳೆಗಳನ್ನು ಓದಿದಳು. ಕನ್ನಡಿ, ಬಟ್ಟಲು, ಮಂಚ. ಸಭೆಯಲ್ಲಿ ಎದ್ದು ನಿಲ್ಲುವ ಹೆಂಡತಿ. ಓದಿ ಮುಗಿಸಿ, "ಇಷ್ಟೇ. ಇವರೂ ನಮ್ಮವರೇ" ಎಂದು ಕೂತಳು.

ಎಲ್ಲರೂ ಶಾಲ್ತಿಯೇಲ್ ಕಡೆ ತಿರುಗಿದರು. ಮುದುಕ ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮೇಜನ್ನೇ ನೋಡುತ್ತಿದ್ದರು.

"ಇದು ಯಾವ ಕಾಲದ್ದು?" ಎಂದು ಕೇಳಿದರು.

"ನೆಹೆಮೀಯನ ಕಾಲದ್ದು" ಎಂದ ಅವ್ನೇರ್.

"ಅಷ್ಟು ಹಿಂದೆ." ಅವರು ತಲೆಯಾಡಿಸಿದರು. "ಆ ಬೆಂಚಿನ ಮೇಲೆ ನಾನೂ ಕೂತಿದ್ದೆ. ಮಗಳ ಪಕ್ಕದಲ್ಲಿ. ಯಾವತ್ತೂ ಹೀಗೇ ಇತ್ತಮ್ಮ, ಸಹಿಸ್ಕೋ ಅಂತ ಅವಳಿಗೆ ಹೇಳ್ದೋನು ನಾನೇ. ಯಾವತ್ತೂ ಹೀಗೇ ಇರ್ಲಿಲ್ಲ ಅಂತ ಅವತ್ತು ಗೊತ್ತಿದ್ದಿದ್ರೆ ಅವಳಿಗೆ ಹಾಗೆ ಹೇಳ್ತಿರ್ಲಿಲ್ಲ." ಗಡ್ಡದಿಂದ ಕೈ ತೆಗೆದು ಮುಂದುವರಿಸಿದರು. "ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ನಾನೂ ಒಂದಿಷ್ಟು ಹುಡುಕ್ದೆ. ಹೊರಗಿನ ಪುಸ್ತಕಾನ ಪವಿತ್ರ ಅಂತ ಓದೋದು ಬೇಡ. ಮನೆಗೆ ಬಂದ ಕಾಗದ ಓದೋ ಹಾಗೆ ಓದೋದಕ್ಕೆ ಅಡ್ಡಿ ಇಲ್ಲ ಅಂತ ನಮ್ಮ ಹಿರಿಯರಲ್ಲೇ ಒಬ್ಬರು ಹೇಳಿದಾರೆ. ಇದು ನಮ್ಮ ಮನೆಗೆ ಬರಬೇಕಾಗಿದ್ದ ಕಾಗದ. ತಡವಾಗಿ ಬಂದಿದೆ. ಇಡಿ. ಆದ್ರೆ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡ್ಸಿ. ನಂಗೂ ಒಂದು ಪ್ರತಿ ಬೇಕು."

ಫ್ರೆಹಾ ಅಜ್ಜಿ ಬಾಗಿಲ ಸಂದಿಯಿಂದಲೇ ಚಪ್ಪಾಳೆ ತಟ್ಟಿದಳು. ಸಮಿತಿಯಲ್ಲಿ ಒಂದು ಕೈಯೂ ಕೆಳಗುಳಿಯಲಿಲ್ಲ.

ಮೊದಲ ಪಾಠ ದೀಪದ ಹಬ್ಬ ಹನುಕ್ಕಾದ ಶುಕ್ರವಾರ ಬೆಳಿಗ್ಗೆ. ಹಾಕಿದ ಕುರ್ಚಿಗಳು ಸಾಲದೆ ಮಂದಿ ಕಿಟಕಿಯ ಕಟ್ಟೆಗಳ ಮೇಲೆ, ಮಕ್ಕಳ ಮೂಲೆಯ ಪುಟ್ಟ ಸ್ಟೂಲುಗಳ ಮೇಲೆ, ಕೊನೆಗೆ ನೆಲದ ಮೇಲೂ ಕೂತರು. ಬಸ್ ಡ್ರೈವರು, ದಂತವೈದ್ಯೆ, ಪ್ರಾರ್ಥನಾ ಮಂದಿರದಿಂದ ನೇರವಾಗಿ ಬಂದ ಮುದುಕರು, ಎಲ್ಲರೂ ಇದ್ದರು. ಫ್ರೆಹಾ ಅಜ್ಜಿ ಎಣ್ಣೆಯಲ್ಲಿ ಕರಿದ, ವಡೆಯಂಥ ಬಿಸಿ ಸ್ಫೆಂಜ್ ತಟ್ಟೆಯನ್ನು ಸಾಲಿನಿಂದ ಸಾಲಿಗೆ ದಾಟಿಸುತ್ತ, ಸಕ್ಕರೆ ಮೆತ್ತಿದ ಕೈಯಲ್ಲಿ ಪುಸ್ತಕ ಮುಟ್ಟಿದವರನ್ನು ಗದರುತ್ತಿದ್ದಳು. ಸೋತ ಸೇನಾಪತಿಯ ಬಗ್ಗೆ ಇಬ್ಬರು ಮುದುಕರು ಕೈಕೈ ಮಿಲಾಯಿಸುವಷ್ಟು ಜಗಳವಾಡಿದರು. ಅವ್ನೇರ್ ಅವರನ್ನು ಬಿಡಿಸಲಿಲ್ಲ; "ಸಾಕ್ಷಿ ಎಲ್ಲಿದೆ, ತೋರ್ಸಿ" ಎಂದು ಇಬ್ಬರ ಕೈಗೂ ಒಂದೊಂದು ಪುಸ್ತಕ ಕೊಟ್ಟ.

ಹಿಂದಿನ ಗೋಡೆಗೆ ಒರಗಿ ನಿಂತ ಹಮುಟಲ್ ತನ್ನ ಗ್ರಂಥಾಲಯವನ್ನು ನೋಡಿದಳು. ಹೀಗೆ ತುಂಬಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ತಲೆಗಳ ಸಾಲಿನ ಮೇಲಿಂದ ಅವ್ನೇರ್ ಅವಳತ್ತ ನೋಡಿದ. ಗುಳಿ ಬಿತ್ತು. ಈ ಸಲ ಅವಳು ಕಣ್ಣಿಳಿಸಲಿಲ್ಲ.

ಮಂದಿ ಕರಗಿದ ಮೇಲೆ ಇಬ್ಬರೂ ಆ ಸಂಜೆ ಶುರುವಾಗುವ ವಿಶ್ರಾಂತಿ ದಿನಕ್ಕೆ, ಶಬ್ಬತ್ತಿಗೆ, ಬ್ರೆಡ್ ಕೊಳ್ಳಲು ಬೇಕರಿಗೆ ನಡೆದರು. ಅಂಗಡಿಗಳು ಮುಚ್ಚುವ ಆತುರದಲ್ಲಿದ್ದವು. ತೆಳ್ಳಗೆ ಮಳೆ ಹನಿಯುತ್ತಿತ್ತು. ಬ್ರೆಡ್ ಚೀಲವನ್ನು ಕೋಟಿನೊಳಗೆ ಮುಚ್ಚಿಕೊಂಡು ಅವ್ನೇರ್ ಪಕ್ಕದಲ್ಲಿ ಬರುತ್ತಿದ್ದ.

"ಅವತ್ತು ಹೆದರಿದ್ದು ಯಾಕೆ ಅಂತ ಹೇಳ್ಲಿಲ್ಲ ನಾನು" ಎಂದ.

"ಪಾಠ ನಿಂತುಹೋಗುತ್ತೆ ಅಂತ."

"ಪಾಠಕ್ಕಲ್ಲ. ಪಾಠ ನಿಂತ್ರೆ ವಾರಕ್ಕೊಂದ್ಸಲ ಇಲ್ಲಿಗೆ ಬರೋಕೆ ನೆಪ ಇರಲ್ವಲ್ಲ, ಅದಕ್ಕೆ." ಅವನು ನಿಂತ. ಕನ್ನಡಕದ ಮೇಲೆ ಹನಿಗಳು. "ಎರಡು ಸಾವಿರ ವರ್ಷದ ಹಿಂದಿನವರ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡ್ತೀನಿ. ಎದುರಿಗಿರೋರಿಗೆ ಒಂದು ಮಾತು ಹೇಳೋಕೆ ಇಷ್ಟು ಮಂಗಳವಾರ ಬೇಕಾಯ್ತು. ನೀವಂದ್ರೆ ನಂಗಿಷ್ಟ, ಹಮುಟಲ್. ನಿಮ್ಮ ಜೊತೆ ಜಗಳ ಆಡದ ವಾರ ವಾರಾನೇ ಅಲ್ಲ ಅನ್ಸುತ್ತೆ."

ಹಮುಟಲ್ ಅವನ ಕನ್ನಡಕ ತೆಗೆದು, ತನ್ನ ಸ್ಕಾರ್ಫಿನ ತುದಿಯಿಂದ ಒರೆಸಿ, ಮತ್ತೆ ಅವನ ಮೂಗಿನ ಮೇಲೆ ಕೂರಿಸಿದಳು.

"ಈಗ ಸರಿಯಾಗಿ ಕಾಣುತ್ತಾ?"

"ಕಾಣುತ್ತೆ."

"ಹಾಗಾದ್ರೆ ಕೇಳು. ನಂಗೂ ನೀನಂದ್ರೆ ಇಷ್ಟ. ಇನ್ಮೇಲೆ ನೆಪ ಹುಡುಕ್ಕೊಂಡು ಬರ್ಬೇಡ. ಸುಮ್ನೆ ಬಾ."

ಆ 'ನೀನು' ಅವನ ಕಿವಿಗೆ ಬಿದ್ದು ಮನಸ್ಸಿಗೆ ಇಳಿಯಲು ಒಂದು ಕ್ಷಣ ಬೇಕಾಯಿತು. ಇಳಿದ ಮೇಲೆ ಅವನು ಬೀದಿಯ ನಡುವೆಯೇ ನಿಂತು ನಗತೊಡಗಿದ. ಅವಳು ಅವನ ಕೈ ಹಿಡಿದು ಪಕ್ಕಕ್ಕೆ ಎಳೆದಳು, ಹಿಡಿದ ಕೈಯನ್ನು ಬಿಡಲಿಲ್ಲ. ಮನೆಯ ಮೆಟ್ಟಿಲ ಹತ್ತಿರ ಬಂದಾಗಷ್ಟೇ ಅವಳಿಗೆ ಹೊತ್ತಿನ ನೆನಪಾಯಿತು.

"ಅಯ್ಯೋ, ಹೈಫಾಗೆ ಕೊನೇ ಬಸ್ ಹೋಯ್ತು. ಶಬ್ಬತ್ ಮುಗಿಯೋವರೆಗೂ ಇನ್ನು ಬಸ್ಸೇ ಇಲ್ಲ. ತಪ್ಪಿಹೋಯ್ತಾ?"

"ಇಲ್ಲ" ಎಂದ ಅವ್ನೇರ್. "ನಾನೇ ತಪ್ಪಿಸ್ದೆ."

ಮೇಲಿನ ಬಾಲ್ಕನಿಯಲ್ಲಿ ಶಾಲ್ತಿಯೇಲ್ ನಿಂತಿದ್ದರು. ಬಿಳಿ ಅಂಗಿ ಹಾಕಿ ಶಬ್ಬತ್ತಿಗೆ ಸಿದ್ಧರಾಗಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಹಮುಟಲ್, ಮೇಷ್ಟ್ರನ್ನ ಯಾಕೆ ಮಳೇಲಿ ನಿಲ್ಲಿಸಿದೀಯ? ಬ್ರೆಡ್ ನೆನೆಯುತ್ತೆ. ಇಬ್ಬರೂ ಮೇಲೆ ಬನ್ನಿ."

ಹಮುಟಲ್ ಅವ್ನೇರನ ಕೈಯನ್ನು ಹಿಡಿದುಕೊಂಡೇ ತಲೆಯೆತ್ತಿದಳು. "ಅಪ್ಪ, ಇವನು ಬರೋದು ಈ ಒಂದು ಶಬ್ಬತ್ತಿಗೆ ಮಾತ್ರ ಅಲ್ಲ."

ಮುದುಕ ಅವಳನ್ನು ನೋಡಿದರು. ಅವಳು ಹಿಡಿದಿದ್ದ ಕೈಯನ್ನು ನೋಡಿದರು. ಆಮೇಲೆ ಕಂಬಿಯ ಮೇಲಿಂದ ಬಗ್ಗಿ ಅವ್ನೇರನನ್ನು ಕೇಳಿದರು:

"ಮೇಷ್ಟ್ರೇ, ನನ್ನ ಮಗಳು ಜಗಳಗಂಟಿ. ನಿಮಗೆ ಗೊತ್ತಾ?"

"ಗೊತ್ತು ಸಾರ್. ಸಾಕ್ಷಿ ಸಮೇತ ಗೊತ್ತು."

ಶಾಲ್ತಿಯೇಲ್ ನಕ್ಕರು. ತಂದೆ ಹೀಗೆ ಬಾಯಿತುಂಬ ನಕ್ಕದ್ದನ್ನು ಹಮುಟಲ್ ಕೇಳಿ ವರ್ಷಗಳಾಗಿದ್ದವು. "ಹಾಗಾದ್ರೆ ಬೇಗ ಬನ್ನಿ" ಎಂದು ಅವರು ಒಳಗೆ ಹೋದರು. ತಟ್ಟೆಗಳ ಸದ್ದು ಕೇಳಿಸಿತು. ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿದರು.